ಮಂಜಿನಕೋಟೆಯ ಮಕ್ಕಳು: ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜಿನಕೋಟೆಯ ಕಥೆ ವಾರಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬರುತ್ತಿದ್ದಾಗ ಓದುಗರ ಪತ್ರಗಳನ್ನು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಡುತ್ತಿದ್ದೆ. ಪುಸ್ತಕವಾದ ಮೇಲೆ ಡಬ್ಬಿ ಸಾಲದೆ ಅಕ್ಕಿಯ ಚೀಲಕ್ಕೆ ಬಡ್ತಿ ಸಿಕ್ಕಿತು. ಹೊಗಳಿದವರಿದ್ದಾರೆ, ಬೈದವರಿದ್ದಾರೆ, ನನಗಿಂತ ಚೆನ್ನಾಗಿ ಕಥೆ ಮುಗಿಸಿ ಕಳುಹಿಸಿದ ಒಬ್ಬ ನಿವೃತ್ತ ಮೇಷ್ಟರೂ ಇದ್ದಾರೆ. ಆದರೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಒಬ್ಬೊಬ್ಬರಿಗೂ ಬರೆದು ಕೈ ಸೋತಿದೆ; ಇಲ್ಲಿ ಒಟ್ಟಿಗೆ ಉತ್ತರಿಸುತ್ತಿದ್ದೇನೆ. ಕಥೆಯ ಗುಟ್ಟುಗಳು ರಟ್ಟಾಗುತ್ತವೆ, ಆಮೇಲೆ ನನ್ನನ್ನು ದೂರಬೇಡಿ.

ಕಥೆ ಓದಿಲ್ಲ. ಏನೆಂದು ನಾಲ್ಕು ಮಾತಿನಲ್ಲಿ ಹೇಳಬಹುದೇ?

ಮಲೆನಾಡಿನಂಥ ಒಂದು ಸೀಮೆ. ಬೇಟೆಗೆ ಹೋದ ದೊರೆ ಹೆಣವಾಗಿ ಮರಳುತ್ತಾನೆ. ಉಳಿದವರು ಮೂವರು ಮಕ್ಕಳು: ಹದಿಮೂರರ ಮಲ್ಲಾಜಿ, ಒಂಬತ್ತರ ಸೋಮರಸ, ನಾಲ್ಕು ತುಂಬದ ಪುಟ್ಟಯ್ಯ. ಆ ವಂಶದವರ ನೆರಳು ಕತ್ತಲಲ್ಲೂ ಬೀಳುತ್ತದೆ. ಕಬ್ಬಿಣದ ಕಂಟದಿಂದ ಓಲೆಯ ಮೇಲೆ ಕೊರೆದ ಅಕ್ಷರಗಳಿಗೆ ಅಲ್ಲಿ ಮಸಿ ತೀಡುವುದಿಲ್ಲ. ಅರಸುಮಗುವಿನ ನೆರಳು ಬಿದ್ದರೆ ಅದೇ ಗೀರುಗಳೊಳಗೆ ಇಳಿದು ಕಪ್ಪಾಗಿ ನಿಲ್ಲುತ್ತದೆ. ಅದೇ ರಾಜಮುದ್ರೆ. ಹಿರಿಯ ಗಂಡುಮಗ ಸೋಮರಸನನ್ನು ಪಟ್ಟಕ್ಕೇರಿಸದೆ, ಪುಟ್ಟಯ್ಯನನ್ನು ಸಿಂಹಾಸನದಲ್ಲಿ ಕೂರಿಸಿ ದಳವಾಯಿ ಆಳುತ್ತಾನೆ. ರೈತರು ದಂಗೆ ಏಳುತ್ತಾರೆ. ಉಳಿದದ್ದು ಪುಸ್ತಕದಲ್ಲಿದೆ.

ಇದು ಮಕ್ಕಳ ಪುಸ್ತಕವೇ, ದೊಡ್ಡವರದೇ? ಮಗಳಿಗೆ ಹತ್ತು ವರ್ಷ, ಕೊಡಬಹುದೇ?

ಕೊಡಿ. ನನ್ನ ಮನೆಯಲ್ಲಿ ಚಂದಮಾಮದ ಹಳೆಯ ಸಂಚಿಕೆಗಳ ಗಂಟಿತ್ತು. ಅಲ್ಲಿ ಬೇತಾಳ ಹೆಣದೊಳಗಿಂದ ಮಾತನಾಡುತ್ತಿತ್ತು, ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಸಿಡಿದು ಹೋಗುವ ಬೆದರಿಕೆ ಇತ್ತು, ನಾವು ಅದನ್ನು ಓದಿ ಅಜ್ಜಿಯ ಮಗ್ಗುಲಲ್ಲಿ ನೆಮ್ಮದಿಯಾಗಿ ಮಲಗುತ್ತಿದ್ದೆವು. ಪಂಚತಂತ್ರ ಶುರುವಾಗುವುದೇ ಓದು ತಲೆಗೆ ಹತ್ತದ ಮೂವರು ರಾಜಕುಮಾರರಿಗೆ ರಾಜನೀತಿ ಕಲಿಸುವುದಕ್ಕೆ. ಮಿತ್ರರನ್ನು ಒಡೆಯುವುದು ಹೇಗೆ ಎಂಬುದು ಅದರ ಮೊದಲ ಪಾಠ! ಮಕ್ಕಳ ಕಥೆಯಲ್ಲಿ ರಾಜಕೀಯ ಬೇಡ ಎನ್ನುವವರು ಆ ನರಿಗಳನ್ನು ಇನ್ನೊಮ್ಮೆ ಓದಬೇಕು.

ಮಂಜಿನಕೋಟೆ ಎಂದರೆ ಮೈಸೂರೇ ಅಲ್ಲವೇ? ಹೆಸರು ಬದಲಿಸಿದರೆ ಗೊತ್ತಾಗುವುದಿಲ್ಲವೇ?

ಅತಿ ಹೆಚ್ಚು ಪತ್ರಗಳು ಇದೇ ಮಾತಿನವು; ಕೆಲವು ತುಸು ಖಾರವಾಗಿಯೂ ಇವೆ. ಮೈಸೂರಲ್ಲ. ಆದರೆ ಮೈಸೂರಿನ ಚರಿತ್ರೆ ಓದದೆ ಇದನ್ನು ಬರೆದೆ ಎಂದರೆ ಸುಳ್ಳಾಗುತ್ತದೆ.

ದಳವಾಯಿ ಎಂಬ ಪದವೇ ಅಲ್ಲಿಂದ ಬಂದದ್ದು. ಸೇನೆಯ ಮುಖ್ಯಸ್ಥನಾಗಿದ್ದ ದಳವಾಯಿ ಹದಿನೆಂಟನೆಯ ಶತಮಾನದ ಹೊತ್ತಿಗೆ ಮೈಸೂರಿನಲ್ಲಿ ದೊರೆಯನ್ನು ಕೂರಿಸುವವನೂ ಇಳಿಸುವವನೂ ಆಗಿಬಿಟ್ಟಿದ್ದ. 1732ರಲ್ಲಿ ಪಟ್ಟಕ್ಕೆ ಬಂದ ಚಾಮರಾಜ ಒಡೆಯರು ತಮ್ಮ ಅಧಿಕಾರವನ್ನು ತಾವೇ ನಡೆಸಲು ಹೊರಟರು. ಹೆಚ್ಚು ಕಾಲ ನಿಲ್ಲಲಿಲ್ಲ. ದಳವಾಯಿ ಮನೆತನದ ದೇವರಾಜಯ್ಯ, ನಂಜರಾಜಯ್ಯ ಸೇರಿ ಅವರನ್ನು ಕಬ್ಬಾಳದುರ್ಗಕ್ಕೆ ಅಟ್ಟಿದರು. ದೊರೆ ಅಲ್ಲೇ ತೀರಿಕೊಂಡರು. ಅವರ ಜಾಗಕ್ಕೆ 1734ರಲ್ಲಿ ಬಂದವರು ಇಮ್ಮಡಿ ಕೃಷ್ಣರಾಜ ಒಡೆಯರು, ಆಗಿನ್ನೂ ಮಗು. ಕನಕಪುರದ ಕಡೆಯ ಆ ಬೋಳುಬಂಡೆಯ ಬೆಟ್ಟವನ್ನು ನೋಡಿದವರಿಗೆ ನನ್ನ ಕಥೆಯ 'ಕಾಗೆಬಂಡೆ' ಎಲ್ಲಿಂದ ಬಂತು ಎಂದು ಹೇಳಬೇಕಾಗಿಲ್ಲ.

ಇನ್ನೊಂದು ಪಟ್ಟಾಭಿಷೇಕವೂ ನನ್ನ ಕಣ್ಣಮುಂದಿತ್ತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಎರಡು ತಿಂಗಳೂ ಕಳೆದಿರಲಿಲ್ಲ. ಜೂನ್ 30ರಂದು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟವಾಯಿತು. ಕೂರಿಸಿದವರು ಇಂಗ್ಲಿಷರು. ಅರಮನೆ ಎಂಬುದು ಆಗ ಇರಲೇ ಇಲ್ಲ, ಚಪ್ಪರದ ಕೆಳಗೆ ಕಾರ್ಯ ಮುಗಿಯಿತು. ಮಗುವಿನ ಹಿಂದೆ ಅಜ್ಜಿ ಲಕ್ಷ್ಮಮ್ಮಣ್ಣಿ, ಪಕ್ಕದಲ್ಲಿ ದಿವಾನ್ ಪೂರ್ಣಯ್ಯ. ಆ ಪೂರ್ಣಯ್ಯನವರು ನಿನ್ನೆ ಮೊನ್ನೆಯವರೆಗೆ ಟಿಪ್ಪುವಿನ ಮಂತ್ರಿ! ಚರಿತ್ರೆಕಾರರು ಅವರ ಆಡಳಿತದ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ನನ್ನ ತಲೆಯಲ್ಲಿ ಕೊರೆಯುತ್ತಿದ್ದದ್ದು ಬೇರೆ: ಆ ಐದು ವರ್ಷದ ಹುಡುಗನಿಗೆ ಅಷ್ಟು ಹೊತ್ತು ಕೂತು ಕಾಲು ಜೋಮು ಹಿಡಿಯಲಿಲ್ಲವೇ? ಯಾರ ಮುಖ ನೋಡಬೇಕೆಂದು ಅವನಿಗೆ ಯಾರು ಹೇಳಿಕೊಟ್ಟರು? ಪುಟ್ಟಯ್ಯ ಹುಟ್ಟಿದ್ದು ಆ ಜೋಮಿನಿಂದ. ದಳವಾಯಿಯನ್ನು ಪೂರ್ಣಯ್ಯ ಎಂದು ಓದಿಕೊಂಡು ಸಿಟ್ಟಾದವರು ದಯವಿಟ್ಟು ಸಮಾಧಾನ ಮಾಡಿಕೊಳ್ಳಿ. ಅವನು ಅವರಲ್ಲ.

ಹಾಗಾದರೆ ದಳವಾಯಿ ಇಂದಿನ ಯಾವ ರಾಜಕಾರಣಿ?

ಈವರೆಗೆ ಓದುಗರು ಒಂಬತ್ತು ಹೆಸರು ಸೂಚಿಸಿದ್ದಾರೆ, ಎಲ್ಲ ಪಕ್ಷಗಳಿಂದಲೂ. ನಾನು ಬಾಯಿ ಬಿಡುವುದಿಲ್ಲ.

ನೆರಳಿನ ಕಲ್ಪನೆ ಎಲ್ಲಿಂದ ಬಂತು? ಮಾಟಮಂತ್ರ ಅಷ್ಟೇನಾ? ಕತ್ತಿ, ಹಾರುವ ಕುದುರೆ ಯಾವುದೂ ಇಲ್ಲವಲ್ಲ?

ಹಾರುವ ಕುದುರೆ ಕೊಟ್ಟರೆ ಮಕ್ಕಳು ಎರಡನೆಯ ಅಧ್ಯಾಯದಲ್ಲೇ ಹಾರಿಹೋಗುತ್ತಿದ್ದರು, ಕಥೆ ಮುಗಿಯುತ್ತಿತ್ತು. ನನಗೆ ಬೇಕಿದ್ದದ್ದು ಮಕ್ಕಳ ಬಳಿ ಇದ್ದೂ ಅವರಿಗೆ ಪ್ರಯೋಜನಕ್ಕೆ ಬಾರದ ಶಕ್ತಿ. ನೆರಳನ್ನು ಬೀಳಿಸುವುದಕ್ಕೆ ಮನಸ್ಸು ಬೇಕಿಲ್ಲ, ಒಪ್ಪಿಗೆ ಬೇಕಿಲ್ಲ, ಎಚ್ಚರವೂ ಬೇಕಿಲ್ಲ. ಆದ್ದರಿಂದಲೇ ಏಳನೆಯ ಅಧ್ಯಾಯದಲ್ಲಿ ದಳವಾಯಿಯ ಆಳುಗಳು ನಿದ್ದೆಹೋದ ಪುಟ್ಟಯ್ಯನನ್ನು ಹೊದಿಕೆಸಮೇತ ಎತ್ತಿಕೊಂಡು ಚಾವಡಿಗೆ ತರುತ್ತಾರೆ. ಒಬ್ಬ ಅವನನ್ನು ಹೆಗಲ ಮೇಲೆ ಹಾಕಿಕೊಂಡು ನಿಲ್ಲುತ್ತಾನೆ. ಶಾನುಭೋಗ ಓಲೆಗಳನ್ನು ಒಂದೊಂದಾಗಿ ಕೆಳಗೆ ಸರಿಸುತ್ತಾನೆ. ಮಗುವಿನ ಬಾಯಿಯಿಂದ ಜೊಲ್ಲು ಇಳಿದು ಒಂದು ಓಲೆಯ ಅಂಚಿಗೆ ಬೀಳುತ್ತದೆ. ಶಾನುಭೋಗ ಧೋತರದ ಚುಂಗಿನಿಂದ ಒರೆಸಿ ಮುಂದಿನದನ್ನು ಇಡುತ್ತಾನೆ. ಅದು ಕಂದಾಯ ಏರಿಸಿದ ಓಲೆ. ಬೆಳಗ್ಗೆ ಪುಟ್ಟಯ್ಯ ಎದ್ದು ಹಾಲು ಕೇಳುತ್ತಾನೆ.

ಈ ಅಧ್ಯಾಯವನ್ನು ಆರು ಸಲ ತಿದ್ದಿದೆ. ಮೊದಲ ಕರಡಿನಲ್ಲಿ ಮಗು ಅಳುತ್ತಿತ್ತು, ದಳವಾಯಿ ಗದರುತ್ತಿದ್ದ, ಗುಡುಗು ಮಿಂಚು ಎಲ್ಲ ಇತ್ತು. ಎಲ್ಲ ತೆಗೆದೆ. ಯಾರೂ ಗದರದೆ, ಮಗುವಿನ ನಿದ್ದೆ ಕೆಡದಂತೆ ಮೆಲ್ಲಗೆ ಓಡಾಡಿಕೊಂಡು ಆ ಕೆಲಸ ಮಾಡಿದಾಗಲೇ ನನಗೆ ಹೆದರಿಕೆಯಾದದ್ದು.

ಅಗಸ ರಾಜಕುಮಾರನನ್ನು ಬಟ್ಟೆಗಂಟಿನಲ್ಲಿ ಕಟ್ಟಿ ಕೋಟೆಯಿಂದ ಹೊರಗೆ ತರುವುದು ನಂಬುವಂತಿಲ್ಲ. ಕಾವಲಿನವರು ಕುರುಡರೇ?

ನಗು ಬರುತ್ತದೆ, ಏಕೆಂದರೆ ಇಡೀ ಪುಸ್ತಕದಲ್ಲಿ ನಾನು ಕಲ್ಪಿಸಿಕೊಳ್ಳದೆ ಎತ್ತಿಕೊಂಡ ಪ್ರಸಂಗ ಇದೊಂದೇ.

ವಿಜಯನಗರದ ಅರವೀಡು ವಂಶದ ವೆಂಕಟಪತಿರಾಯ 1614ರಲ್ಲಿ ತೀರಿಕೊಂಡ. ತಾಳಿಕೋಟೆ ಕಳೆದು ಅರ್ಧ ಶತಮಾನವಾಗಿತ್ತು, ರಾಜ್ಯ ತೆಂಕಣಕ್ಕೆ ಸರಿದು ಚಂದ್ರಗಿರಿ, ವೇಲೂರುಗಳಲ್ಲಿ ಉಸಿರು ಹಿಡಿದಿತ್ತು. ಸಾಯುವ ಮುನ್ನ ಅವನು ಅಣ್ಣನ ಮಗ ಶ್ರೀರಂಗನಿಗೆ ಪಟ್ಟ ಕೊಟ್ಟ. ಅರಮನೆಯಲ್ಲಿ ಇನ್ನೊಬ್ಬ ಹುಡುಗನೂ ಇದ್ದ. ರಾಣಿಯೊಬ್ಬಳು ಬಸಿರೆಂದು ನಟಿಸಿ, ಬೇರೊಬ್ಬ ಹೆಂಗಸಿನ ಕೂಸನ್ನು ತಂದು ತನ್ನದೆಂದು ಬೆಳೆಸಿದ್ದಳಂತೆ. ರಾಣಿಯ ಕಡೆಯ ಜಗ್ಗರಾಯ ಆ ಹುಡುಗನನ್ನು ಮುಂದಿಟ್ಟುಕೊಂಡು ಶ್ರೀರಂಗನ ಇಡೀ ಸಂಸಾರವನ್ನು ಸೆರೆಯಲ್ಲಿಟ್ಟ. ಎದುರು ನಿಂತವನು ಯಾಚಮನಾಯಕ. ಅವನ ಏರ್ಪಾಟಿನಂತೆ, ಸೆರೆಮನೆಗೆ ಬಟ್ಟೆ ಒಗೆಯಲು ಹೋಗಿ ಬರುತ್ತಿದ್ದ ಅಗಸ ಶ್ರೀರಂಗನ ನಡುವಿನ ಮಗ ರಾಮನನ್ನು, ಹನ್ನೆರಡರ ಆಸುಪಾಸಿನ ಹುಡುಗನನ್ನು, ಬಟ್ಟೆಯ ಗಂಟಿನಲ್ಲಿ ಸುತ್ತಿ ಹೊರಗೆ ಸಾಗಿಸಿದ. ಉಳಿದವರೆಲ್ಲ ಸತ್ತರು. ಇದನ್ನು ಬರೆದಿಟ್ಟವನು ಬರಾದಾಸ್ ಎಂಬ ಪೋರ್ಚುಗೀಸ್ ಪಾದ್ರಿ, 1616ರ ಪತ್ರದಲ್ಲಿ. ಆಮೇಲೆ ಕಾವೇರಿಯ ದಡದ ತೋಪೂರಿನಲ್ಲಿ ದೊಡ್ಡ ಕಾಳಗವಾಯಿತು, ಜಗ್ಗರಾಯ ಸತ್ತ, ಗಂಟಿನಲ್ಲಿ ಬಂದ ಹುಡುಗ ರಾಮದೇವರಾಯನಾಗಿ ಆಳಿದ.

ರಾಜನಿಗೆ ಹೆಸರಿದೆ, ನಾಯಕನಿಗೆ ಹೆಸರಿದೆ, ಕೊಲೆಗಾರನಿಗೂ ಇದೆ. ಅಗಸ ಬರೀ ಅಗಸ. ಈ ಸಂಕಟಕ್ಕೇ ನನ್ನ ಕಥೆಯಲ್ಲಿ ಅವನಿಗೆ ಮಾಚ ಎಂದು ಹೆಸರಿಟ್ಟು, ಮೂರು ಅಧ್ಯಾಯ ಕೊಟ್ಟೆ. ಅವನಿಗೆ ಎದುರಾಗುವ ತೊಡಕು ನಿಜವಾದ ಅಗಸನಿಗೆ ಇರಲಿಲ್ಲ: ಸೋಮರಸನ ದೇಹವನ್ನು ಗಂಟು ಕಟ್ಟಬಹುದು, ಅವನ ನೆರಳು ಗಂಟಿನಾಚೆಗೂ ಚೆಲ್ಲುತ್ತದೆ. ಮಾಚ ನೀಲಿಯಲ್ಲಿ ಅದ್ದಿದ ಒದ್ದೆ ಸೀರೆಗಳನ್ನು ಗಂಟಿನ ಮೇಲೆ ಹೇರಿ, ತೊಟ್ಟಿಕ್ಕುವ ನೀರಿನ ಕಲೆಯೊಳಗೆ ನೆರಳನ್ನು ಅಡಗಿಸಿಕೊಂಡು ನಡೆಯುತ್ತಾನೆ. ಕಾವಲಿನವನು ಗಂಟಿನ ಕಡೆ ನೋಡುವುದಿಲ್ಲ, ಮೂಗು ತಿರುವುತ್ತಾನೆ. ಕುರುಡರೇ ಎಂದು ಕೇಳಿದಿರಿ. ಮೈಲಿಗೆಬಟ್ಟೆಯ ಕಡೆ ಯಾರಾದರೂ ಕಣ್ಣಿಟ್ಟು ನೋಡುತ್ತಾರೆಯೇ?

ಚಂದ್ರಹಾಸನ ಕಥೆಯ ನಕಲಲ್ಲವೇ?

ಲಕ್ಷ್ಮೀಶನ ಜೈಮಿನಿ ಭಾರತವನ್ನು ಅಜ್ಜ ಸಂಜೆ ಹೊತ್ತು ರಾಗವಾಗಿ ಓದುತ್ತಿದ್ದರು. ಅದರ ಸೋಂಕು ಇಲ್ಲದಿರುವುದು ಹೇಗೆ? ಅನಾಥ ಅರಸುಮಗು, ಕೊಲ್ಲಹೊರಟ ಮಂತ್ರಿ ದುಷ್ಟಬುದ್ಧಿ, ಮನಸ್ಸು ಬಾರದೆ ಆರನೆಯ ಕಾಲ್ಬೆರಳನ್ನು ಕತ್ತರಿಸಿಕೊಂಡು ಹೋಗುವ ಕಟುಕರು. ಓಲೆಯಲ್ಲಿದ್ದ 'ವಿಷ'ವನ್ನು 'ವಿಷಯೆ' ಎಂದು ತಿದ್ದಿ ತನ್ನನ್ನೇ ಅವನಿಗೆ ಕೊಡಿಸಿಕೊಂಡ ಹುಡುಗಿಯಂತೂ ನನ್ನ ಪಾಲಿಗೆ ಕನ್ನಡದ ಮೊದಲ ಸಂಪಾದಕಿ. ಮಲ್ಲಾಜಿ ಕತ್ತಲಲ್ಲಿ ತಮ್ಮನ ಓಲೆ ತಿದ್ದುವ ಕಡೆ ಅವಳಿಗೆ ನಾನು ಕೈಮುಗಿದಿದ್ದೇನೆ. ಆದರೆ ಚಂದ್ರಹಾಸನಲ್ಲಿ ಒಬ್ಬ ದುಷ್ಟ ಸತ್ತರೆ ರಾಜ್ಯ ಸರಿಹೋಗುತ್ತದೆ. ನನ್ನ ದಳವಾಯಿ ಸತ್ತ ಮರುದಿನವೂ ಶಾನುಭೋಗ ಎಂದಿನಂತೆ ಚಾವಡಿಗೆ ಬಂದು ಓಲೆ ಹರವುತ್ತಾನೆ.

ಮಲ್ಲಾಜಿ ಎಲ್ಲರಿಗಿಂತ ಜಾಣೆ, ಹಿರಿಯಳು. ಅವಳನ್ನು ಪಟ್ಟಕ್ಕೆ ಏಕೆ ತರಲಿಲ್ಲ? ನೀವೂ ಹೆಂಗಸಾಗಿ ಹೀಗೆ ಮಾಡಬಹುದೇ?

ಈ ಸಿಟ್ಟು ನನಗೆ ಇಷ್ಟ. ಒಬ್ಬ ಕಾಲೇಜು ಹುಡುಗಿ ಕೊನೆಯ ಅಧ್ಯಾಯವನ್ನು ಹರಿದು ಲಕೋಟೆಯಲ್ಲಿ ಹಾಕಿ ವಾಪಸು ಕಳುಹಿಸಿದ್ದಳು.

ನಮ್ಮಲ್ಲಿ ಆಳಿದ ಹೆಂಗಸರಿಗೆ ಬರವಿಲ್ಲ. ಕೆಳದಿಯ ಚೆನ್ನಮ್ಮಾಜಿ 1672ರಿಂದ ಇಪ್ಪತ್ತೈದು ವರ್ಷ ಆಳಿದಳು. ಔರಂಗಜೇಬನಿಂದ ತಪ್ಪಿಸಿಕೊಂಡು ಬಂದ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು, ಮೊಗಲ್ ಸೈನ್ಯವನ್ನು ಎದುರುಹಾಕಿಕೊಂಡಳು. ಮಲ್ಲಾಜಿಯ ಹೆಸರಿನ 'ಆಜಿ' ಅವಳಿಂದ ಬಂದದ್ದು. ಆದರೆ ಒಂದು ಸಂಗತಿ ಗಮನಿಸಿ. ಚೆನ್ನಮ್ಮಾಜಿ ಸತ್ತ ದೊರೆಯ ಹೆಂಡತಿ, ಬಸಪ್ಪನಾಯಕನನ್ನು ದತ್ತು ತೆಗೆದುಕೊಂಡವಳು. ಕಿತ್ತೂರಿನ ಚೆನ್ನಮ್ಮ 1824ರಲ್ಲಿ ಇಂಗ್ಲಿಷರ ಮೇಲೆ ಕತ್ತಿ ಹಿರಿದದ್ದೂ ಶಿವಲಿಂಗಪ್ಪನ ದತ್ತು ಸ್ವೀಕಾರವನ್ನು ಅವರು ಒಪ್ಪದಿದ್ದಾಗ. ಮೈಸೂರಿನಲ್ಲಿ 1894ರ ಕೊನೆಗೆ ಹತ್ತು ವರ್ಷದ ನಾಲ್ವಡಿ ಕೃಷ್ಣರಾಜ ಒಡೆಯರು ತಂದೆಯನ್ನು ಕಳೆದುಕೊಂಡಾಗ ರಾಜ್ಯಭಾರ ಹೊತ್ತವರು ತಾಯಿ ಕೆಂಪನಂಜಮ್ಮಣ್ಣಿ. 1902ರಲ್ಲಿ ಮಗನಿಗೆ ಒಪ್ಪಿಸಿ ಹಿಂದೆ ಸರಿದರು. ತಾಯಿಯಾಗಿ, ಅಜ್ಜಿಯಾಗಿ ಹೆಂಗಸರು ರಾಜ್ಯ ನಡೆಸಿದ್ದಾರೆ, ಅದೂ ಗಂಡಸರಿಗಿಂತ ಚೆನ್ನಾಗಿ. ಅಕ್ಕನಾಗಿ? ಮದುವೆಯಾಗದ ಹದಿಮೂರರ ಹುಡುಗಿಯಾಗಿ? ಆ ಬಾಗಿಲು ಮುಚ್ಚಿತ್ತು. ಅವಳನ್ನು ಯಾರಿಗೆ ಕೊಟ್ಟು ಯಾವ ಪಾಳೆಯಪಟ್ಟನ್ನು ಒಲಿಸಿಕೊಳ್ಳಬೇಕು ಎಂಬುದಷ್ಟೇ ಅರಮನೆಯ ಲೆಕ್ಕ. ಮಲ್ಲಾಜಿ ಅದನ್ನು ಮುರಿದಿದ್ದರೆ ನಿಮಗೂ ನನಗೂ ಖುಷಿಯಾಗುತ್ತಿತ್ತು. ಆದರೆ ನಾನು ಬರೆಯುತ್ತಿದ್ದದ್ದು ಆ ಲೆಕ್ಕದ ಕಥೆ. ಹರಿದ ಹಾಳೆಗಳನ್ನು ಇಟ್ಟುಕೊಂಡಿದ್ದೇನೆ. ಎರಡನೆಯ ಭಾಗ ಬರೆಯುವಾಗ ಎದುರಿಗೇ ಇರುತ್ತವೆ.

ತಪ್ಪಿಸಿಕೊಂಡ ಸೋಮರಸ ಮತ್ತೆ ಸಿಕ್ಕಿಬೀಳುತ್ತಾನೆ, ಗಡಿಯಾಚೆಯ ದೊರೆಗೆ ಒತ್ತೆಯಾಗಿ ಹೋಗುತ್ತಾನೆ. ಅಲ್ಲಿ ಅವನಿಗೆ ಆಟಿಕೆ ಕೊಟ್ಟು ಮುದ್ದು ಮಾಡುತ್ತಾರೆ. ಶತ್ರುಗಳು ಹೀಗೆ ಮಾಡುತ್ತಾರೆಯೇ?

1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಯನ್ನೂ ಕೊಡಲು ಒಪ್ಪಿದ. ಹಣ ತೀರುವವರೆಗೆ ಇಬ್ಬರು ಎಳೆಯ ಗಂಡುಮಕ್ಕಳು, ಅಬ್ದುಲ್ ಖಾಲಿಕ್ ಮತ್ತು ಮೊಯಿಜುದ್ದೀನ್, ಇಂಗ್ಲಿಷರ ವಶ. ಕಾರ್ನ್‌ವಾಲಿಸ್ ಡೇರೆಯ ಬಾಗಿಲಿಗೆ ಬಂದು ಅವರನ್ನು ಅಪ್ಪಿಕೊಂಡು ಬರಮಾಡಿಕೊಂಡ, ಇಬ್ಬರಿಗೂ ಒಂದೊಂದು ಚಿನ್ನದ ಗಡಿಯಾರ ಕೊಟ್ಟ. ಆ ದೃಶ್ಯವನ್ನು ಇಂಗ್ಲಿಷ್ ಚಿತ್ರಕಾರರು ಮೇಲಿಂದ ಮೇಲೆ ಬರೆದರು. ತಂದೆಯಂತೆ ಕೈಚಾಚಿದ ದೊಡ್ಡ ಮನುಷ್ಯ, ಬಿಳಿಯ ಅಂಗಿಯ ಮಕ್ಕಳು! ಇಬ್ಬರನ್ನೂ ಮದರಾಸಿಗೆ ಕರೆದೊಯ್ದು 1794ರಲ್ಲಿ ತಿರುಗಿ ಕಳುಹಿಸಿದರು. ಅಂದರೆ ಮುದ್ದು ಮಾಡುತ್ತಾರೆ. ನಾಲ್ಕು ಜನ ನೋಡುವಲ್ಲಿ ಇನ್ನೂ ಚೆನ್ನಾಗಿ ಮಾಡುತ್ತಾರೆ. ಸೋಮರಸನ ಕೀಲುಗೊಂಬೆ ಆ ಗಡಿಯಾರದ ತಮ್ಮ.

ರೈತರ ದಂಗೆಗೆ ಇಷ್ಟೊಂದು ಪುಟ ಏಕೆ? ಮಕ್ಕಳ ಕಥೆ ಅಲ್ಲಿ ನಿಂತೇಬಿಡುತ್ತದೆ.

ನಿಲ್ಲುತ್ತದೆ, ಒಪ್ಪಿದೆ. ಐವತ್ತು ಪುಟ ಕಡಿಮೆ ಮಾಡಿ ಎಂದು ಸಂಪಾದಕರೂ ಹೇಳಿದ್ದರು, ಹನ್ನೆರಡು ಕಡಿಮೆ ಮಾಡಿದೆ.

ಆದರೆ ದಂಗೆ ಇಲ್ಲದಿದ್ದರೆ ಅರಮನೆಯ ಒಳಜಗಳ ಅಣ್ಣತಮ್ಮಂದಿರ ಆಸ್ತಿ ವ್ಯಾಜ್ಯವಷ್ಟೇ. ಚಪ್ಪರದ ಕೆಳಗೆ ಪಟ್ಟವಾದ ಅದೇ ಮುಮ್ಮಡಿ ಕೃಷ್ಣರಾಜ ಒಡೆಯರು ದೊಡ್ಡವರಾಗಿ ತಾವೇ ಆಳುತ್ತಿದ್ದಾಗ, 1830ರಲ್ಲಿ, ಮಲೆನಾಡಿನ ನಗರ, ಅಂದರೆ ಹಳೆಯ ಬಿದನೂರು, ಸೀಮೆಯ ರೈತರು ಕೂಟ ಕಟ್ಟಿದರು. ಆಗ ಶರ್ತಿ ಎಂಬ ಪದ್ಧತಿ ಇತ್ತು. ಅಮಲ್ದಾರ ಇಂತಿಷ್ಟು ಹಣ ಕೊಡುತ್ತೇನೆಂದು ಸರ್ಕಾರಕ್ಕೆ ಕರಾರು ಬರೆದುಕೊಡುತ್ತಿದ್ದ. ಅದನ್ನು ಎಲ್ಲಿಂದ, ಹೇಗೆ ಹಿಂಡಿದ ಎಂದು ಕೇಳುವವರು ಕಡಿಮೆ. ದಂಗೆಯ ನೆಪದಲ್ಲಿ ಇಂಗ್ಲಿಷರು 1831ರಲ್ಲಿ ಆಡಳಿತವನ್ನೇ ಕೈಗೆ ತೆಗೆದುಕೊಂಡರು. ಅದು ಒಡೆಯರಿಗೆ ಮರಳಿದ್ದು ಐವತ್ತು ವರ್ಷಗಳ ಮೇಲೆ, 1881ರಲ್ಲಿ. ಅಷ್ಟರಲ್ಲಿ ಅವರು ತೀರಿಕೊಂಡಿದ್ದರು.

ನನ್ನ ಕಥೆಯಲ್ಲಿ ಕರಿಹಳ್ಳಿಯ ಮುದುಕಿ ಓಲೆಯನ್ನು ಬಿಸಿಲಿಗೆ ಹಿಡಿದು, "ಇದು ಕೂಸಿನ ನೆರಳು. ಕೂಸಿಗೆ ನಮ್ಮ ಭತ್ತ ಏಕೆ ಬೇಕು?" ಎಂದು ಕೇಳುತ್ತಾಳಲ್ಲ, ಆ ಮಾತು ಬರೆಯುವುದಕ್ಕಾಗಿ ಉಳಿದ ಮೂವತ್ತೆಂಟು ಪುಟ ಬರೆದೆ ಎಂದುಕೊಳ್ಳಿ.

ದಂಗೆಯ ನಡುವೆ ಎದ್ದುಬರುವ ಸುಳ್ಳು ರಾಜಕುಮಾರ ನಿಜವಾಗಿ ಯಾರು?

ಪುಸ್ತಕ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ನಗರದ ದಂಗೆಯಲ್ಲಿಯೂ ಒಬ್ಬನಿದ್ದ: ಬೂದಿ ಬಸವಪ್ಪ. ತಾನು ಕೆಳದಿಯ ಅರಸರ ವಾರಸುದಾರ ಎಂದ. ಹೈದರಾಲಿ ಬಿದನೂರನ್ನು ಗೆದ್ದು ಅರುವತ್ತು ವರ್ಷಗಳ ಮೇಲಾಗಿತ್ತು. ಆದರೂ ಜನ ಹಿಂದೆ ನಡೆದರು. ಅವನು ನಿಜವಾದ ಅರಸುಮಗನೇ ಎಂದು ಅವರು ತೂಗಿ ನೋಡಿದ್ದರೆಂದು ನನಗೆ ಅನಿಸುವುದಿಲ್ಲ. ಅಮಲ್ದಾರನಂತೂ ನಿಜವಾಗಿದ್ದ. ನನ್ನ ಸುಳ್ಳು ರಾಜಕುಮಾರನಿಗೆ ಹಗಲಲ್ಲಿ ಮಾತ್ರ ನೆರಳು. ಅದನ್ನು ಕಂಡ ರೈತರು ಅವನನ್ನು ಕತ್ತಲಲ್ಲಿ ಭೇಟಿಯಾಗುವುದನ್ನೇ ಬಿಟ್ಟುಬಿಡುತ್ತಾರೆ.

ತಲಕಾಡಿನ ಅಲಮೇಲಮ್ಮನ ಶಾಪದಂಥದ್ದು ಏನಾದರೂ ಸೇರಿಸಬಹುದಿತ್ತಲ್ಲ?

'ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದೆ ಹೋಗಲಿ.' ಇಷ್ಟು ಚೊಕ್ಕವಾಗಿ ರಾಜಕೀಯ ಮಾತನಾಡಿದ ಹೆಂಗಸು ನಮ್ಮ ಜನಪದದಲ್ಲಿ ಇನ್ನೊಬ್ಬಳಿಲ್ಲ. ಅದರ ಮೇಲೆ ಇನ್ನೊಂದು ಶಾಪ ಬರೆಯುವ ಧೈರ್ಯ ನನಗಿಲ್ಲ.

ದಾದಿ ತನ್ನ ಮಗನನ್ನು ಪುಟ್ಟಯ್ಯನ ಹಾಸಿಗೆಯಲ್ಲಿ ಮಲಗಿಸಲು ಒಪ್ಪುವುದಿಲ್ಲ. ಸ್ವಾಮಿನಿಷ್ಠೆ ಇಷ್ಟೇನಾ?

ಪನ್ನಾದಾಯಿಯನ್ನು ನೆನೆದು ಕೇಳುತ್ತಿದ್ದೀರಿ. ಮೇವಾಡದಲ್ಲಿ ಬನವೀರ ಕತ್ತಿ ಹಿರಿದು ಬಂದಾಗ ತನ್ನ ಮಗನನ್ನು ತೊಟ್ಟಿಲಲ್ಲಿಟ್ಟು ಉದಯಸಿಂಹನನ್ನು ಉಳಿಸಿದವಳು. ಆ ಕಥೆಯನ್ನು ಶಾಲೆಯಲ್ಲಿ ಕೇಳಿದ ದಿನ ತರಗತಿಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದೆವು. ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವ್ವ ಹಸಿಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದವಳು, "ಆ ಹುಡುಗನ ಹೆಸರೇನಂತೆ?" ಎಂದಳು. ನನಗೆ ಗೊತ್ತಿರಲಿಲ್ಲ. ಚಂದನ ಎಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ. ನನ್ನ ದಾದಿ ಒಪ್ಪುವುದಿಲ್ಲ, ಬೇಕಾದರೆ ಇನ್ನೊಮ್ಮೆ ಕೇಳಿ.

ಅರಸುಮಕ್ಕಳು ಒಬ್ಬರನ್ನೊಬ್ಬರು 'ನೀನು' ಎಂದು ಕರೆಯುತ್ತಾರೆ, ಆಳುಗಳು ಪುಟ್ಟಯ್ಯನನ್ನು 'ಬುದ್ಧಿ' ಎನ್ನುತ್ತಾರೆ. ನಾಲ್ಕು ವರ್ಷದ ಮಗುವಿಗೆ ಬುದ್ಧಿ ಎನ್ನುವುದೇ?

ದೊಡ್ಡಮನೆಯ ಕೂಸಿಗೆ 'ಬುದ್ಧಿ' ಎನ್ನುವ ಎಪ್ಪತ್ತರ ಮುದುಕರನ್ನು ನಾನು ಚಿಕ್ಕಂದಿನಲ್ಲಿ ಕಂಡಿದ್ದೇನೆ. ಆ ಕೂಸು ಆಗ ಚಡ್ಡಿಯನ್ನೂ ಹಾಕಿರಲಿಲ್ಲ.

ಎರಡನೆಯ ಭಾಗ ಯಾವಾಗ? ಪುಟ್ಟಯ್ಯ ಏನಾಗುತ್ತಾನೆ?

ಯಾವಾಗ ಎಂದು ಹೇಳಿದರೆ ಮಾತು ತಪ್ಪುತ್ತೇನೆ. ಅರ್ಧ ಬರೆದಾಗಿದೆ. ಪುಟ್ಟಯ್ಯನಿಗೆ ಈಗ ಹದಿನೇಳು. ತನ್ನ ನೆರಳು ಬಿದ್ದ ಓಲೆಗಳನ್ನೆಲ್ಲ ಚಾವಡಿಯ ಅಟ್ಟದಿಂದ ಇಳಿಸಿ ತರಲು ಹೇಳಿದ್ದಾನೆ. ಏಳು ಕಟ್ಟು. ದಾರ ಬಿಚ್ಚಿ ಒಂದೊಂದನ್ನೇ ದೀಪಕ್ಕೆ ಹಿಡಿದು ಓದುತ್ತಿದ್ದಾನೆ. ಯಾವುದೂ ಅವನಿಗೆ ನೆನಪಿಲ್ಲ. ಕರಿಹಳ್ಳಿಯ ಕಂದಾಯದ ಓಲೆ ಮೂರನೆಯ ಕಟ್ಟಿನಲ್ಲಿದೆ. ಅದರ ಅಂಚಿನಲ್ಲಿ ಕಾಸಿನಗಲ ಒಂದು ಕಲೆ ಇದೆ. ಅದು ಏನಿರಬಹುದೆಂದು ಅವನು ಶಾನುಭೋಗನನ್ನು ಕೇಳುತ್ತಿದ್ದಾನೆ. ನಾನು ಅಲ್ಲಿಯವರೆಗೆ ಬರೆದಿದ್ದೇನೆ.